ಕರ್ನಾಟಕದಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಪೀರ್ ಕಾರ್ಯಕರ್ತೆಯರು

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಸೋಂಕು ಕಂಡುಬಂದವರು, ಬಂಧನಕ್ಕೊಳಗಾಗಿ ಸರ್ಕಾರಿ ಗೃಹದಲ್ಲಿದ್ದ ಲೈಂಗಿಕ ವೃತ್ತಿಯ ಮಹಿಳೆಯರು. ಆ ಶೋಧದ ಮಹತ್ವ ಪ್ರಶ್ನಾತೀತ. ಆದರೆ ಆ ಮಹಿಳೆಯರ ಪಾಲಿಗೆ ರಕ್ತಪರೀಕ್ಷೆಯು ಆರಂಭದಿಂದಲೇ ಬಂಧನದ ನೆರಳಿನಲ್ಲಿ ನಡೆಯಿತೆಂಬುದನ್ನು ಮರೆತರೆ, ಮುಂದಿನ ದಶಕಗಳಲ್ಲಿ ಪರೀಕ್ಷೆ ಯಾರ ಕೈಯಿಂದ ಹೇಗೆ ಹರಡಿತೆಂಬುದು ಅರ್ಥವಾಗದು.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಕಾಲಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಗಳು, ಅಂದರೆ ಇಂದು ಐಸಿಟಿಸಿ ಎಂದು ಕರೆಯಲಾಗುವ ಕೇಂದ್ರಗಳು, ತೆರೆದುಕೊಂಡವು. ಪರೀಕ್ಷೆ ಉಚಿತವಾಗಿದ್ದರೂ, ಹೆಸರು ಬರೆಸುವ ಭಯ, ಸಿಬ್ಬಂದಿಯ ತಿರಸ್ಕಾರ, ಫಲಿತಾಂಶ ಊರಿಗೆ ತಿಳಿದೀತೆಂಬ ಆತಂಕ ಇವುಗಳಿಂದಾಗಿ ಅದರ ಅಗತ್ಯ ಹೆಚ್ಚಾಗಿದ್ದವರೇ ದೂರ ಉಳಿದರು.

ಈ ಅಂತರವನ್ನು ತುಂಬಲು ರೂಪುಗೊಂಡದ್ದೇ ಪೀರ್ ಕಾರ್ಯಕರ್ತೆಯರ ವ್ಯವಸ್ಥೆ. ಲೈಂಗಿಕ ವೃತ್ತಿಯಲ್ಲೇ ಇರುವ ಅಥವಾ ಅದೇ ಸಮುದಾಯಕ್ಕೆ ಸೇರಿದ ವ್ಯಕ್ತಿ ತನ್ನ ಸಂಗಾತಿಗಳಿಗೆ ಮಾಹಿತಿ, ಕಾಂಡೋಮ್ ಮತ್ತು ವೈದ್ಯಕೀಯ ಸೇವೆಯನ್ನು ತಲುಪಿಸುವುದು ಅದರ ತಿರುಳು. ಡಾ. ಸ್ಮರಜಿತ್ ಜಾನಾ 1992ರಲ್ಲಿ ಕೋಲ್ಕತ್ತದ ಸೋನಾಗಾಚಿಯಲ್ಲಿ ಆರಂಭಿಸಿದ ಯೋಜನೆ ಇದಕ್ಕೆ ಪ್ರಸಿದ್ಧ ಮಾದರಿಯಾಯಿತು. ಆದರೆ ಸೋನಾಗಾಚಿಯು ವೇಶ್ಯಾಗೃಹಗಳು ಒಂದೆಡೆ ಸೇರಿದ ಬಡಾವಣೆ. ಮೈಸೂರಿನಲ್ಲಾದರೋ ಈ ವೃತ್ತಿ ಬಹುಪಾಲು ಬೀದಿ, ಬಸ್ ನಿಲ್ದಾಣ, ಲಾಡ್ಜ್‌ಗಳಲ್ಲಿ ಚದುರಿತ್ತು. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ದೇವದಾಸಿ ಪದ್ಧತಿಗೆ ಸಿಲುಕಿದ ಹಲವು ಮಹಿಳೆಯರು ಸ್ವಂತ ಮನೆಗಳಲ್ಲೇ ಇದ್ದರು. ಹೀಗಾಗಿ ಹೊರಗಿನವರಿಗೆ ಕಾಣದ ಈ ಭೂಗೋಳವನ್ನು ಅರಿತಿದ್ದ ಮಹಿಳೆಯರ ನೆರವಿಲ್ಲದೆ ಕೆಲಸದ ಮೊದಲ ಹೆಜ್ಜೆಯೂ ಸಾಧ್ಯವಿರಲಿಲ್ಲ.

2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಮೊದಲಾಯಿತು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ 2005ರಲ್ಲಿ ‘ಆಶೋದಯ ಸಮಿತಿ’ಯನ್ನು ಕಟ್ಟಿಕೊಂಡರು. 2004ರ ಸಮೀಕ್ಷೆಯ ಪ್ರಕಾರ ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಸುಮಾರು ಶೇ. 26ರಷ್ಟು ಮಂದಿಗೆ ಸೋಂಕಿತ್ತು. ಓದುಬರಹ ಬಾರದ ಕಾರ್ಯಕರ್ತೆಯರೂ ಬಳಸಬಲ್ಲ ಚಿತ್ರಪಟ್ಟಿಗಳನ್ನು ರೂಪಿಸಿ, ಯಾರನ್ನು ಎಂದು ಭೇಟಿಯಾಗಬೇಕು, ಯಾರ ತಪಾಸಣೆ ಬಾಕಿ ಎಂಬುದನ್ನು ಅವರೇ ಗುರುತಿಸಿಕೊಳ್ಳುವ ಮೈಕ್ರೋಪ್ಲಾನಿಂಗ್ ಎಂಬ ಕ್ರಮ ಈ ಕಾಲದಲ್ಲಿ ಬೆಳೆಯಿತು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂರನೆಯ ಹಂತವು ಸುಮಾರು 60 ಮಹಿಳೆಯರಿಗೆ ಒಬ್ಬ ಪೀರ್ ಕಾರ್ಯಕರ್ತೆ ಎಂಬ ಪ್ರಮಾಣವನ್ನು ಅಂಗೀಕರಿಸಿತು.

ಇಷ್ಟಾದರೂ ಪರೀಕ್ಷೆ ಹೆಚ್ಚಿದ್ದು ಮಾಹಿತಿಯ ಬಲದಿಂದಲೇ ಎನ್ನಲಾಗದು. ರಾತ್ರಿ ಪೊಲೀಸರಿಂದಲೋ ಗೂಂಡಾಗಳಿಂದಲೋ ಏಟು ತಿಂದವಳಿಗೆ ಮರುದಿನ ರಕ್ತ ಕೊಡಲು ಬಾ ಎನ್ನುವುದು ಕ್ರೌರ್ಯವೇ ಸರಿ. ಇದನ್ನು ಅರಿತ ಸಂಘಗಳು ಹಿಂಸೆಯ ಸುದ್ದಿ ಬಂದೊಡನೆ ಧಾವಿಸುವ ತಂಡಗಳನ್ನು ಕಟ್ಟಿ, ವಕೀಲರ ನೆರವು ಒದಗಿಸಿ, ಪೊಲೀಸರಿಗೆ ತಿಳಿವಳಿಕೆ ಶಿಬಿರಗಳನ್ನು ನಡೆಸಿದವು. ಠಾಣೆಯ ಬಾಗಿಲಲ್ಲಿ ಜೊತೆಗೆ ನಿಂತವಳೇ ಆಸ್ಪತ್ರೆಯ ಸರದಿಯಲ್ಲೂ ಜೊತೆಗಿದ್ದಳು. ಫಲಿತಾಂಶ ಕೇಳುವಾಗ ಪಕ್ಕದಲ್ಲಿದ್ದು, ಸೋಂಕು ದೃಢಪಟ್ಟರೆ ಎಆರ್‌ಟಿ ಎಂಬ ವೈರಸ್ ನಿರೋಧಕ ಔಷಧಗಳ ಚಿಕಿತ್ಸಾ ಕೇಂದ್ರದವರೆಗೂ ಕರೆದೊಯ್ದಳು. ಈ ಚರಿತ್ರೆಯಲ್ಲಿ ಪರೀಕ್ಷಾ ಕಿಟ್‌ಗಳ ಪೂರೈಕೆಗಿಂತ ಈ ಜೊತೆಗಾರಿಕೆಗೆ ಹೆಚ್ಚಿನ ಸ್ಥಾನ ಸಲ್ಲಬೇಕು.

ಬೆರಳ ತುದಿಯ ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೀಡುವ ಕ್ಷಿಪ್ರ ಪರೀಕ್ಷೆ ಬಂದ ಮೇಲೆ ಕೆಲಸದ ಸ್ವರೂಪವೂ ಬದಲಾಯಿತು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೂ ಇದನ್ನು ನಡೆಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿತು. ಇದು ಪ್ರಾಥಮಿಕ ತಪಾಸಣೆ ಮಾತ್ರ. ಸೋಂಕಿನ ಸೂಚನೆ ಕಂಡರೆ ಐಸಿಟಿಸಿಯಲ್ಲಿ ಮತ್ತೆ ಪರೀಕ್ಷಿಸಿ ಖಚಿತಪಡಿಸಬೇಕು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ತಿಳಿದು ನೀಡಿದ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಪರೀಕ್ಷೆ ಮಾಡಬಾರದೆಂದು ವಿಧಿಸಿತು. ಪೀರ್ ಕಾರ್ಯಕರ್ತೆಯರು ವರ್ಷಗಳಿಂದ ಕೇಳಿ, ವಿವರಿಸಿ, ಕಾದು ಪಡೆಯುತ್ತಿದ್ದ ಒಪ್ಪಿಗೆಯದು.

ಆದರೆ ಈ ಮಹಿಳೆಯರಿಗೆ ಸಿಕ್ಕಿದ್ದು ಸಂಬಳವಲ್ಲ, ಗೌರವಧನ. ‘ಆವಾಹನ್’ನ ಯೋಜನೆಗಳು ಹಂತಹಂತವಾಗಿ ಸರ್ಕಾರದ ಆಡಳಿತಕ್ಕೆ ಬಂದ ಮೇಲೂ ಅವರು ಕಾಯಂ ನೌಕರರಾಗಲಿಲ್ಲ. ಮೊಬೈಲ್ ಫೋನಿನಿಂದಾಗಿ ವೃತ್ತಿಯು ಬೀದಿಯ ಗೊತ್ತಾದ ತಾಣಗಳನ್ನು ಬಿಟ್ಟು ಸರಿಯುತ್ತಿರುವಾಗ, ಅವರ ಹುಡುಕಾಟ ಹಿಂದೆಂದಿಗಿಂತ ಕಷ್ಟದ್ದಾಗಿದೆ.