ಭದ್ರತಾ ಮಂಡಳಿ: ಕುರ್ಚಿಗೆ ಮುಂಚೆ ಕಾರ್ಯವಿಧಾನ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸುಧಾರಣೆ ಎಂದೊಡನೆ ನಮ್ಮಲ್ಲಿ ಮಾತು ಭಾರತದ ಕಾಯಂ ಸ್ಥಾನದತ್ತ ಹೊರಳುತ್ತದೆ. ಬಹಳ ಸಲ ಅಲ್ಲೇ ಮುಗಿದೂ ಹೋಗುತ್ತದೆ. ಮಂಡಳಿಯಲ್ಲಿ ಕೂತವರು ಯಾವ ವಿಧಾನದಿಂದ ತೀರ್ಮಾನಿಸುತ್ತಾರೆ, ದೂರು ಹೇಗೆ ಒಳಬರುತ್ತದೆ, ಯಾವಾಗ ಹೊರಹೋಗುತ್ತದೆ, ಗೈರುಹಾಜರಿಗೆ ಏನರ್ಥ ಎಂಬ ಪ್ರಶ್ನೆಗಳು ಇದಕ್ಕೆ ಮೊದಲು ಇತ್ಯರ್ಥವಾಗಬೇಕು ಎಂಬುದು ಈ ಲೇಖನದ ವಾದ. ಇದಕ್ಕೆ ಆಧಾರ 1948ರ ಹೈದರಾಬಾದ್ ಮತ್ತು 1950ರ ಕೊರಿಯಾ ಪ್ರಕರಣಗಳು. ಮೊದಲನೆಯದರಲ್ಲಿ ಭಾರತದ ಪರ ಮಾತಾಡಿದವರು ಮೈಸೂರಿನ ದಿವಾನರು. ಎರಡನೆಯದು ಮಂಡಳಿಯ ಮುಂದೆ ಬಂದಾಗ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್.

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನ 1948ರ ಆಗಸ್ಟ್ 21ರಂದು ಮಂಡಳಿಗೆ ತಂತಿಯ ಮೂಲಕ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಕ್ಕೆ ನುಗ್ಗಿತು. ಮಂಡಳಿ ಪ್ಯಾರಿಸ್‌ನಲ್ಲಿ ಸೇರಿದ್ದು 16ರಂದು. ಭಾರತದ ವಾದ ಮಂಡಿಸಿದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರು. ಆಗ ಮೈಸೂರು ಸಂಸ್ಥಾನದಲ್ಲಿದ್ದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಜನ ಅವರನ್ನು ಬಲ್ಲದ್ದು ದಿವಾನರಾಗಿ. ಕೇವಲ ಒಂದು ವರ್ಷದ ಹಿಂದೆ, 1947ರ 'ಮೈಸೂರು ಚಲೋ' ಚಳವಳಿ ಅವರ ಆಡಳಿತದ ವಿರುದ್ಧವೇ ಎದ್ದಿತ್ತು. ಹೈದರಾಬಾದ್ ಸ್ವತಂತ್ರ ರಾಷ್ಟ್ರವಲ್ಲ, ಹಾಗಾಗಿ ಅದಕ್ಕೆ ದೂರುವ ಹಕ್ಕಿಲ್ಲ ಎಂಬುದು ಅವರ ವಾದದ ತಿರುಳು. ಮಂಡಳಿ ಈ ಪ್ರಶ್ನೆಗೆ ಉತ್ತರಿಸಲೇ ಇಲ್ಲ. ಎಂಟು ಮತಗಳಿಂದ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಂಡಿತು. ವಿರೋಧ ಯಾರದ್ದೂ ಇರಲಿಲ್ಲ, ಮೂವರು ತಟಸ್ಥರಾಗಿದ್ದರು. ತನಗೆ ಅಧಿಕಾರವಿದೆಯೇ ಎಂಬುದನ್ನು ಮಾತ್ರ ಹಾಗೆಯೇ ಬಿಟ್ಟಿತು. ಮರುದಿನವೇ ನಿಜಾಮರು ಕದನವಿರಾಮ ಸಾರಿದರು, 22ರಂದು ದೂರನ್ನು ಹಿಂತೆಗೆದುಕೊಂಡರು. ಮಂಡಳಿ ಇದನ್ನು ಕೊನೆಯ ಬಾರಿ ಚರ್ಚಿಸಿದ್ದು 1949ರ ಮೇ 24ರಂದು. ಆದರೂ 'ಹೈದರಾಬಾದ್ ಪ್ರಶ್ನೆ' ಮಂಡಳಿಯ ಪರಿಗಣನೆಯಲ್ಲಿರುವ ವಿಷಯಗಳ ಪಟ್ಟಿಯಲ್ಲಿ ದಶಕಗಳ ಕಾಲ ಉಳಿದುಕೊಂಡಿತು. ದೂರಿದವನೇ ಇಲ್ಲವಾದ ಮೇಲೂ ದೂರು ಮುಗಿಯಲಿಲ್ಲ. 1996ರಲ್ಲಿ ಬಂದ ನಿಯಮವೂ ಹೆಚ್ಚೇನನ್ನು ಬದಲಿಸಲಿಲ್ಲ: ಐದು ವರ್ಷ ಚರ್ಚೆಯಾಗದ ವಿಷಯವನ್ನು ಕೈಬಿಡಬಹುದಿತ್ತು, ಆದರೆ ಒಂದೇ ಒಂದು ಸದಸ್ಯ ರಾಷ್ಟ್ರ ಕೈಬಿಡುವುದು ಬೇಡವೆಂದರೂ ಅದು ಉಳಿಯುತ್ತಿತ್ತು.

ಕೊರಿಯಾ ಪ್ರಕರಣ ಇನ್ನೂ ಜಟಿಲ. ಚೀನಾದ ಸ್ಥಾನ ಯಾರಿಗೆ ಸೇರಬೇಕೆಂಬ ವಿವಾದದಲ್ಲಿ ಸೋವಿಯತ್ ಒಕ್ಕೂಟ 1950ರ ಜನವರಿಯಿಂದ ಮಂಡಳಿಯನ್ನು ಬಹಿಷ್ಕರಿಸಿತ್ತು. ಜೂನ್ 25ರಂದು ಉತ್ತರ ಕೊರಿಯಾದ ಸೇನೆ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ರಾವ್ ಮತ ಹಾಕಿದರು. ಎರಡೇ ದಿನದಲ್ಲಿ, 27ರಂದು, ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ ನಿರ್ಣಯ ಏಳು ಮತಗಳಿಂದ ಅಂಗೀಕಾರವಾಯಿತು. ಆಗ ಮಂಡಳಿಯ ಸದಸ್ಯರು ಹನ್ನೊಂದು, ಅಂಗೀಕಾರಕ್ಕೆ ಬೇಕಿದ್ದದ್ದೂ ಏಳೇ ಮತ. ದೆಹಲಿಯ ಸೂಚನೆ ಕೈಸೇರದ ಕಾರಣ ಪೀಠದಲ್ಲಿದ್ದ ರಾವ್ ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಭಾರತ ಅದನ್ನು ಒಪ್ಪಿದ್ದು 29ರಂದು. ಕಾಯಂ ಸದಸ್ಯರ 'ಸಹಮತ' ಬೇಕೆನ್ನುವ ಸನ್ನದಿನ 27ನೇ ವಿಧಿಯ ಪ್ರಕಾರ ಗೈರುಹಾಜರಾದ ಕಾಯಂ ಸದಸ್ಯನನ್ನು ಒಪ್ಪಿದವನೆಂದು ಎಣಿಸಬೇಕೇ, ತಡೆದವನೆಂದೇ? ಬರೆದ ನಿಯಮದಲ್ಲಿ ಉತ್ತರವಿಲ್ಲ. ತಾನಾಗಿ ತಟಸ್ಥನಾಗುವುದು ವೀಟೊ ಅಲ್ಲವೆಂಬ ರೂಢಿಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ 1971ರಲ್ಲಿ ನಮೀಬಿಯಾ ಕುರಿತ ಅಭಿಪ್ರಾಯದಲ್ಲಿ ಎತ್ತಿಹಿಡಿಯಿತು. ಯುದ್ಧದಂಥ ತೀರ್ಮಾನದ ಸಿಂಧುತ್ವ ರೂಢಿಯ ಆಸರೆಯಲ್ಲಿ ನಿಲ್ಲಬೇಕಾಗಿ ಬಂದದ್ದು ಸಣ್ಣ ಲೋಪವಲ್ಲ. ಆ ಆಗಸ್ಟ್‌ನಲ್ಲಿ ಸೋವಿಯತ್ ಪ್ರತಿನಿಧಿ ಮರಳಿ ಬಂದು ಮಂಡಳಿ ಸ್ಥಗಿತಗೊಂಡಾಗ, ಕಾಯಂ ಅಲ್ಲದ ಆರು ಸದಸ್ಯರ ಸಮಿತಿಯೊಂದು ಸಂಧಾನದ ಪ್ರಸ್ತಾವಗಳನ್ನು ಪರಿಶೀಲಿಸಲಿ ಎಂದು ರಾವ್ ಸೂಚಿಸಿದರು. ಅದು ವಿಧ್ಯುಕ್ತ ನಿರ್ಣಯದ ರೂಪ ತಳೆಯಲಿಲ್ಲ. ನನ್ನ ಮಟ್ಟಿಗೆ ಆ ವರ್ಷ ಮಂಡಳಿಯ ಮುಂದೆ ಬಂದ ಅತ್ಯಂತ ವಿವೇಕದ ಸಲಹೆ ಅದೇ.

ಕಾರ್ಯವಿಧಾನವೇ ಮೊದಲು ಎಂಬ ಈ ವಾದಕ್ಕೆ ಬರುವ ಬಲವಾದ ಆಕ್ಷೇಪ, ಬಲಾಢ್ಯರನ್ನು ಕಾರ್ಯವಿಧಾನ ಕಟ್ಟಿಹಾಕದು ಎಂಬುದು. ಜೂನ್ 27ರ ಮತದಾನಕ್ಕೆ ಮುಂಚೆಯೇ ಅಮೆರಿಕದ ಅಧ್ಯಕ್ಷ ಟ್ರೂಮನ್ ವಾಯು ಮತ್ತು ನೌಕಾಪಡೆಗಳಿಗೆ ಆಜ್ಞೆ ಕೊಟ್ಟಿದ್ದರು ಎಂಬುದು ಆಕ್ಷೇಪಕ್ಕೆ ಒದಗುವ ಸಾಕ್ಷ್ಯ. ಆದರೆ ಅದೇ ವರ್ಷದ ಉಳಿದ ನಡೆಗಳು ಬೇರೆಯೇ ಹೇಳುತ್ತವೆ. ನಿಯಮಕ್ಕೆ ಬೆಲೆಯಿಲ್ಲದಿದ್ದರೆ ಸೋವಿಯತ್ ಒಕ್ಕೂಟ ಬಹಿಷ್ಕಾರ ಬಿಟ್ಟು ಅವಸರದಲ್ಲಿ ಮರಳುತ್ತಿರಲಿಲ್ಲ. ಅದು ಮರಳಿತೆಂದು ಅಮೆರಿಕ ನವೆಂಬರ್‌ನಲ್ಲಿ ಸಾಮಾನ್ಯ ಸಭೆಯ ಮೊರೆಹೋಗಿ, ಮಂಡಳಿ ಸೋತಾಗ ಸಭೆಯೇ ಶಿಫಾರಸು ಮಾಡಬಹುದೆಂಬ 377ನೇ ನಿರ್ಣಯ ಪಡೆಯುತ್ತಿರಲಿಲ್ಲ. ಆ ನಿರ್ಣಯಕ್ಕೆ 52 ಮತ ಬಿದ್ದವು, ಭಾರತ ತಟಸ್ಥವಾಯಿತು.

ಎರಡನೆಯ ಆಕ್ಷೇಪ ನಮ್ಮವರದ್ದೇ: ಇದೆಲ್ಲ ಕಾಯಂ ಸ್ಥಾನದ ಬೇಡಿಕೆಯನ್ನು ಹಿಂದಕ್ಕೆ ತಳ್ಳುವ ತಂತ್ರವಲ್ಲವೇ? ಜಗತ್ತಿನ ಆರನೇ ಒಂದರಷ್ಟು ಜನರಿರುವ ದೇಶ ಹೊರಗಿರುವುದು ಅನ್ಯಾಯವೇ ಸರಿ. ಆದರೆ ಸನ್ನದಿನ 108ನೇ ವಿಧಿಯ ಪ್ರಕಾರ ಯಾವ ತಿದ್ದುಪಡಿಗೂ ಸದಸ್ಯರ ಮೂರನೇ ಎರಡರಷ್ಟು ಬಹುಮತದ ಜೊತೆಗೆ ಐದೂ ಕಾಯಂ ರಾಷ್ಟ್ರಗಳ ಸ್ಥಿರೀಕರಣ ಬೇಕು. ಮಂಡಳಿಯ ಬಲ ಹನ್ನೊಂದರಿಂದ ಹದಿನೈದಕ್ಕೆ ಏರಿದ್ದು 1965ರಲ್ಲಿ. ಅದಾದ ಮೇಲೆ ಏರಿಕೆಯಿಲ್ಲ. ಕಾರ್ಯವಿಧಾನದ ಬಾಗಿಲಿಗೆ ಈ ಬೀಗವಿಲ್ಲ. 30ನೇ ವಿಧಿಯಡಿ ಮಂಡಳಿ ತನ್ನ ನಿಯಮಗಳನ್ನು ತಾನೇ ರೂಪಿಸಿಕೊಳ್ಳುತ್ತದೆ, ಅಂಥ ವಿಷಯಗಳಿಗೆ ಯಾರದ್ದಾದರೂ ಸರಿ, ಒಂಬತ್ತು ಮತ ಸಾಕು. ಒಂದು ವಿಷಯ ಕಾರ್ಯವಿಧಾನದ್ದೇ ಅಲ್ಲವೇ ಎಂಬ ತಕರಾರಿಗೂ ವೀಟೊ ಬಳಸಬಹುದೆಂಬುದು ನಿಜ. ಆದರೆ 1945ರ ಸ್ಯಾನ್ ಫ್ರಾನ್ಸಿಸ್ಕೊ ಹೇಳಿಕೆಯಲ್ಲಿ ಮಹಾಶಕ್ತಿಗಳೇ 28ರಿಂದ 32ನೇ ವಿಧಿಗಳನ್ನು ಕಾರ್ಯವಿಧಾನದ ಪಟ್ಟಿಗೆ ಸೇರಿಸಿದ್ದವು. ಮಂಡಳಿಯ ನಿಯಮಾವಳಿಗೆ 1946ರಿಂದ ಇಂದಿನವರೆಗೂ 'ತಾತ್ಕಾಲಿಕ' ಎಂಬ ವಿಶೇಷಣ ಅಂಟಿಕೊಂಡಿದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಹಾಗಾದರೆ ಆ ನಿಯಮಾವಳಿಗೆ ಏನನ್ನು ಸೇರಿಸಬಹುದು? ದೂರುದಾರನ ಅರ್ಹತೆ ಪ್ರಶ್ನೆಯಾದಾಗ ನಿಗದಿತ ಅವಧಿಯೊಳಗೆ ಕಾರಣಸಹಿತ ಉತ್ತರ ಕೊಡುವ ಹೊಣೆ. ಹಳೆಯ ವಿಷಯವನ್ನು ಪಟ್ಟಿಯಲ್ಲಿ ಉಳಿಸಲು ಒಂದು ರಾಷ್ಟ್ರದ ಪತ್ರದ ಬದಲು ಒಂಬತ್ತು ಮತ. ಮಂಡಳಿ ಸ್ಥಗಿತಗೊಂಡಾಗ ರಾವ್ ಸೂಚಿಸಿದಂಥ ಚುನಾಯಿತ ಸದಸ್ಯರ ಸಮಿತಿ ತಾನಾಗಿ ಕೆಲಸಕ್ಕೆ ಇಳಿಯುವ ಏರ್ಪಾಡು. ಇವುಗಳಲ್ಲಿ ಯಾವುದೂ ವೀಟೊವನ್ನು ಮುಟ್ಟುವುದಿಲ್ಲ, ಆದ್ದರಿಂದಲೇ ಇವು ಸಾಧ್ಯ. ವೀಟೊ ಚಲಾಯಿಸಿದ ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಸೇರಿ ಚರ್ಚಿಸಬೇಕೆಂಬ 2022ರ ಏಪ್ರಿಲ್‌ನ ನಿರ್ಣಯ ಸನ್ನದಿನ ಒಂದಕ್ಷರವನ್ನೂ ತಿದ್ದದೆ ಬಂದದ್ದು. ಎಂಟನೆಯ ಬಾರಿ ಮಂಡಳಿಯಲ್ಲಿ ಕೂತಿದ್ದ ಭಾರತ ಅದನ್ನು ರೂಪಿಸಿದ ರೀತಿಗೆ ಅಸಮಾಧಾನ ಸೂಚಿಸಿತು. ತಕರಾರು ನ್ಯಾಯವಾದದ್ದೇ ಇರಬಹುದು. ಆದರೆ ರಾವ್ ಅವರ 1950ರ ಸಲಹೆಯನ್ನು ನಿಯಮದ ಭಾಷೆಗೆ ಇಳಿಸಿ ಮುಂದಿಡಲು ಎರಡು ವರ್ಷಗಳ ಆ ಸದಸ್ಯತ್ವದ ಅವಧಿಯಲ್ಲಿ ಅವಕಾಶವಿತ್ತು.