ಗರ್ಭಾವಸ್ಥೆಯಲ್ಲಿ ಮಾಸಿನ ತೊಂದರೆಗಳು: ಶಿಶುವಿಗೆ ಒದಗುವ ಅಪಾಯಗಳು ಮತ್ತು ಲಭ್ಯವಿರುವ ಸೇವೆಗಳು

ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡಿದ್ದು, ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಆಮ್ಲಜನಕ ಹಾಗೂ ಪೋಷಕಾಂಶಗಳನ್ನು ಒದಗಿಸುವ ಅಂಗವೇ ಮಾಸು (ಜರಾಯು). ಇದರ ಸ್ಥಾನದಲ್ಲಾಗಲಿ ಕಾರ್ಯದಲ್ಲಾಗಲಿ ದೋಷವುಂಟಾದಲ್ಲಿ ತಾಯಿ ಮತ್ತು ಶಿಶು ಇಬ್ಬರ ಜೀವಕ್ಕೂ ಅಪಾಯ ಒದಗಬಹುದು. ಈ ಕುರಿತು ಗರ್ಭಿಣಿಯರು ಹಾಗೂ ಅವರ ಕುಟುಂಬದವರ ಮಾಹಿತಿಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಪ್ರಮುಖ ತೊಂದರೆಗಳು

ಅ) ಕೆಳಭಾಗದ ಮಾಸು: ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿರುವುದು. ಸಾಮಾನ್ಯವಾಗಿ ನೋವಿಲ್ಲದೆ ರಕ್ತಸ್ರಾವವಾಗುತ್ತದೆ. 5ನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆಯೆಂದು ಕಂಡುಬಂದರೂ ಬಹುಪಾಲು ಪ್ರಕರಣಗಳಲ್ಲಿ ಗರ್ಭಕೋಶ ಬೆಳೆದಂತೆ ಅದು ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಆತಂಕಪಡದೆ, ಸುಮಾರು 32ನೇ ವಾರದಲ್ಲಿ ಮರುಪರೀಕ್ಷೆ ಮಾಡಿಸತಕ್ಕದ್ದು.

ಆ) ಮಾಸು ಹೆರಿಗೆಗೆ ಮುನ್ನ ಬೇರ್ಪಡುವುದು: ತೀವ್ರ ಹೊಟ್ಟೆನೋವು ಇದ್ದು, ಹೊಟ್ಟೆ ಗಟ್ಟಿಯಾಗುತ್ತದೆ. ರಕ್ತವು ಗರ್ಭಕೋಶದೊಳಗೇ ಸಂಗ್ರಹವಾಗಬಹುದಾದ್ದರಿಂದ, ಹೊರಗೆ ಕಾಣುವ ಸ್ರಾವ ಅಲ್ಪವಾಗಿದ್ದ ಮಾತ್ರಕ್ಕೆ ಅಪಾಯ ಅಲ್ಪವೆಂದು ಭಾವಿಸಬಾರದು.

ಇ) ಮಾಸಿನ ಕಾರ್ಯಕ್ಷಮತೆ ಕುಂದುವುದು: ಶಿಶುವಿನ ಬೆಳವಣಿಗೆ ಕುಂಠಿತವಾಗುತ್ತದೆ.

2. ಹೆಚ್ಚಿನ ನಿಗಾ ಅಗತ್ಯವಿರುವವರು

- ಹಿಂದೆ ಸಿಸೇರಿಯನ್ ಶಸ್ತ್ರಚಿಕಿತ್ಸೆಯಾದವರು
- ರಕ್ತದೊತ್ತಡ ಹೆಚ್ಚಿರುವವರು
- ಅವಳಿ ಮಕ್ಕಳ ಗರ್ಭಿಣಿಯರು ಹಾಗೂ 35 ವರ್ಷ ಮೀರಿದವರು
- ಹಿಂದಿನ ಹೆರಿಗೆಯಲ್ಲಿ ಇದೇ ತೊಂದರೆ ಅನುಭವಿಸಿದವರು
- ತಂಬಾಕು ಸೇವಿಸುವವರು
- ಬಿದ್ದು ಅಥವಾ ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟಾದವರು

ಸಿಸೇರಿಯನ್ ಆದವರಲ್ಲಿ ಕೆಳಭಾಗದ ಮಾಸು ಕಂಡುಬಂದಲ್ಲಿ, ಅದು ಹಳೆಯ ಗಾಯದ ಗುರುತಿನಲ್ಲಿ ಆಳವಾಗಿ ಬೇರೂರಿರುವ ಸಂಭವವಿದ್ದು, ರಕ್ತನಿಧಿ ಸೌಲಭ್ಯವುಳ್ಳ ದೊಡ್ಡ ಆಸ್ಪತ್ರೆಯಲ್ಲಿಯೇ ಹೆರಿಗೆ ಮಾಡಿಸುವುದು ಸೂಕ್ತ.

3. ಶಿಶುವಿನ ಸ್ಥಿತಿ ಗಂಭೀರವಾಗಲು ಕಾರಣಗಳು

- 34 ವಾರ ತುಂಬುವ ಮುನ್ನವೇ ಜನಿಸುವುದು
- ಜನನ ತೂಕ 2.5 ಕೆ.ಜಿ.ಗಿಂತ ಕಡಿಮೆಯಿರುವುದು
- ಮಾಸಿನ ಅರ್ಧಕ್ಕಿಂತ ಹೆಚ್ಚು ಭಾಗ ಬೇರ್ಪಟ್ಟಿರುವುದು
- ತಾಯಿಗೆ ತೀವ್ರ ರಕ್ತಹೀನತೆ ಇರುವುದು (ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ)
- ಆಸ್ಪತ್ರೆಗೆ ತಲುಪುವಲ್ಲಿ ವಿಳಂಬವಾಗುವುದು

ಇವುಗಳ ಪೈಕಿ ಕುಟುಂಬದವರ ಕೈಯಲ್ಲಿರುವುದು ಮುಖ್ಯವಾಗಿ ಕೊನೆಯ ಎರಡು. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸುವುದು ಹಾಗೂ ಸಕಾಲದಲ್ಲಿ ಹೊರಡುವುದು ಅತ್ಯವಶ್ಯ. ಅವಧಿಪೂರ್ವ ಹೆರಿಗೆಯ ಸಂಭವವಿದ್ದಲ್ಲಿ ಶಿಶುವಿನ ಶ್ವಾಸಕೋಶ ಬಲಿಯಲು ವೈದ್ಯರು ತಾಯಿಗೆ ಚುಚ್ಚುಮದ್ದು ನೀಡುತ್ತಾರೆ. ಬೇಗ ತಲುಪಿದಲ್ಲಿ ಮಾತ್ರ ಇದಕ್ಕೆ ಕಾಲಾವಕಾಶ ದೊರೆಯುತ್ತದೆ.

4. ತುರ್ತು ಸಂದರ್ಭದಲ್ಲಿ

ರಕ್ತಸ್ರಾವ, ಬಿಡದ ಹೊಟ್ಟೆನೋವು ಅಥವಾ ಶಿಶುವಿನ ಚಲನೆ ಕಡಿಮೆಯಾದುದು ಕಂಡುಬಂದಲ್ಲಿ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. ಮನೆಯಲ್ಲಿ ಯಾರಿಂದಲೂ ಒಳಪರೀಕ್ಷೆ ಮಾಡಿಸಬಾರದು. ಇದರಿಂದ ರಕ್ತಸ್ರಾವ ಉಲ್ಬಣಿಸಬಹುದು. ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳನ್ನು ಜೊತೆಗೆ ತರುವುದು. ಆದರೆ ಅವುಗಳನ್ನು ಹುಡುಕುತ್ತ ಪ್ರಯಾಣ ತಡಮಾಡಬಾರದು. ರಕ್ತದಾನ ಮಾಡಬಲ್ಲ ಸಂಬಂಧಿಕರು ಜೊತೆಗಿದ್ದಲ್ಲಿ ಅನುಕೂಲ.

5. ಲಭ್ಯವಿರುವ ಸೇವೆಗಳು

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಹಾಗೂ ವಾಹನ ಸೌಲಭ್ಯ ಉಚಿತ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ದಿನಾಂಕದಂದು ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ನೋಂದಣಿಗಾಗಿ ಗರ್ಭಧಾರಣೆಯ ಮೊದಲ 3 ತಿಂಗಳೊಳಗಾಗಿ ತಮ್ಮ ಗ್ರಾಮ ಅಥವಾ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.