ಒಂದೇ ವೈರಾಣು, ಹಲವು ಬಗೆಯ ಕಾವಲು: ಸೈಟೋಮೆಗಾಲೊ ವೈರಸ್ ಮತ್ತು ಟಿ ಕೋಶಗಳು

ಸೈಟೋಮೆಗಾಲೊ ವೈರಸ್ ಹರ್ಪಿಸ್ ಕುಟುಂಬಕ್ಕೆ ಸೇರಿದ ವೈರಾಣು. ಎಂಜಲು, ಮೂತ್ರ, ಎದೆಹಾಲು ಮುಂತಾದವುಗಳ ಮೂಲಕ ಹರಡುವ ಇದು ಒಮ್ಮೆ ದೇಹವನ್ನು ಹೊಕ್ಕರೆ ಜೀವಮಾನವಿಡೀ ಅಲ್ಲಿಯೇ ಸುಪ್ತವಾಗಿ ಉಳಿಯುತ್ತದೆ. ಭಾರತದಲ್ಲಿ ಬೆಳೆದ ಬಹುಪಾಲು ಮಂದಿಗೆ ಬಾಲ್ಯದಲ್ಲಿಯೇ ಈ ಸೋಂಕು ತಗುಲಿರುತ್ತದೆ. ಅಮೆರಿಕದಲ್ಲಿ 40ರ ವಯಸ್ಸಿನ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಗುಲಿರುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡದು. ಇದನ್ನು ಹೀಗೆ ಅಡಗಿಸಿಡುವವು ಮುಖ್ಯವಾಗಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು. ಸೋಂಕಿತರ ರಕ್ತದಲ್ಲಿನ ಸ್ಮೃತಿ ಟಿ ಕೋಶಗಳಲ್ಲಿ ಸರಾಸರಿ ಶೇಕಡಾ 10ರಷ್ಟು ಈ ಒಂದೇ ವೈರಾಣುವಿಗೆ ಮೀಸಲಾಗಿರುತ್ತವೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಟಿ ಕೋಶಗಳು ವೈರಾಣುವನ್ನು ನೇರವಾಗಿ ಕಾಣುವುದಿಲ್ಲ. ಸೋಂಕಿತ ಕೋಶವು ವೈರಾಣುವಿನ ಪ್ರೋಟೀನಿನ ತುಣುಕುಗಳನ್ನು ತನ್ನದೇ ಗುರುತಿನ ಅಣುಗಳಲ್ಲಿಟ್ಟು ಹೊರಮೈಯಲ್ಲಿ ಪ್ರದರ್ಶಿಸುತ್ತದೆ. ಟಿ ಕೋಶವು ಈ ಎರಡನ್ನೂ ಒಟ್ಟಾಗಿ ಗುರುತಿಸುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಿಂದ ಇದನ್ನು ಕಂಡುಹಿಡಿದವರು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ದುಡಿಯುತ್ತಿದ್ದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಝಿಂಕರ್‌ನಾಗೆಲ್. ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಗುರಿ ಒಂದೇ ಆದರೂ ಈ ಕೋಶಗಳ ಕೆಲಸ ಒಂದೇ ಅಲ್ಲ. ಸಿಡಿ8 ಕೋಶಗಳು ಪರ್ಫೋರಿನ್ ಎಂಬ ಪ್ರೋಟೀನಿನಿಂದ ಸೋಂಕಿತ ಕೋಶದ ಪೊರೆಯಲ್ಲಿ ರಂಧ್ರ ಕೊರೆದು, ಗ್ರಾಂಜೈಮ್‌ಗಳನ್ನು ಒಳಸೇರಿಸಿ ಅದನ್ನು ಕೊಲ್ಲುತ್ತವೆ. ಇಂಟರ್‌ಫೆರಾನ್ ಗ್ಯಾಮಾವನ್ನು ಸ್ರವಿಸಿ ವೈರಾಣುವಿನ ವೃದ್ಧಿಯನ್ನೂ ತಡೆಯುತ್ತವೆ. ಸಿಡಿ4 ಕೋಶಗಳು ಮುಖ್ಯವಾಗಿ ಸಹಾಯಕರು: ಇತರ ಟಿ ಕೋಶಗಳನ್ನು ಪೋಷಿಸುವುದು, ಪ್ರತಿಕಾಯಗಳ ತಯಾರಿಕೆಗೆ ನೆರವಾಗುವುದು ಇವುಗಳ ಹೊಣೆ. ಸ್ಮೃತಿಕೋಶಗಳಲ್ಲಿಯೂ ಭೇದಗಳುಂಟು. ಕೆಲವು ದುಗ್ಧಗ್ರಂಥಿಗಳಲ್ಲಿದ್ದು ಬೇಕಾದಾಗ ವೇಗವಾಗಿ ವಿಭಜನೆಗೊಳ್ಳುತ್ತವೆ. ಕೆಲವು ರಕ್ತದಲ್ಲಿ ಸುತ್ತುತ್ತ ಕೊಲ್ಲಲು ಸದಾ ಸಿದ್ಧವಾಗಿದ್ದರೂ ಹೆಚ್ಚು ವಿಭಜನೆಗೊಳ್ಳಲಾರವು. ಮತ್ತೆ ಕೆಲವು ಅಂಗಾಂಶಗಳಲ್ಲಿಯೇ ನೆಲೆಸುತ್ತವೆ.

ಈ ಶ್ರಮವಿಭಜನೆಯ ಮಹತ್ವವು 1990ರ ದಶಕದಲ್ಲಿ ಸಿಯಾಟಲ್‌ನಲ್ಲಿ ನಡೆದ ಚಿಕಿತ್ಸಾ ಪ್ರಯೋಗವೊಂದರಲ್ಲಿ ಸ್ಪಷ್ಟವಾಯಿತು. ಅಸ್ಥಿಮಜ್ಜೆಯ ಕಸಿಗೆ ಒಳಗಾದ 14 ರೋಗಿಗಳಿಗೆ, ದಾನಿಗಳಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸಿದ ಸಿಡಿ8 ಕೋಶಗಳನ್ನು ನೀಡಲಾಯಿತು. ವೈರಾಣುವಿನ ವಿರುದ್ಧದ ರಕ್ಷಣೆ ಮರಳಿತು. ಆದರೆ ಸ್ವಂತ ಸಿಡಿ4 ಸಹಾಯಕ ಕೋಶಗಳು ಚೇತರಿಸಿಕೊಳ್ಳದ ರೋಗಿಗಳಲ್ಲಿ ಆ ಶಕ್ತಿ ಕ್ರಮೇಣ ಕುಂದಿತು. ಕೊಲ್ಲುವ ಕೋಶಗಳಷ್ಟೇ ಸಾಲವು, ಅವುಗಳನ್ನು ಉಳಿಸುವ ಕೋಶಗಳೂ ಬೇಕು.

ವಿದೇಶದಲ್ಲಿರುವ ನಮ್ಮ ಕುಟುಂಬಗಳಿಗೆ ಇದು ಕೇವಲ ಪುಸ್ತಕದ ವಿಷಯವಲ್ಲ. ಮೂತ್ರಪಿಂಡದ ಕಸಿಯಲ್ಲಿ ದಾನಿ ಸೋಂಕಿತರಾಗಿದ್ದು ಪಡೆಯುವವರು ಸೋಂಕಿಲ್ಲದವರಾಗಿದ್ದರೆ ಅಪಾಯ ಅತ್ಯಧಿಕ. ಅಂಗದೊಡನೆ ವೈರಾಣು ಬರುತ್ತದೆ, ಅದನ್ನು ಬಲ್ಲ ಸ್ಮೃತಿಕೋಶಗಳು ಬರುವುದಿಲ್ಲ; ಮೇಲಾಗಿ ಕಸಿಯನ್ನು ಕಾಪಾಡುವ ಔಷಧಗಳು ಹೊಸ ಟಿ ಕೋಶಗಳನ್ನೂ ಹತ್ತಿಕ್ಕುತ್ತವೆ. ಊರಿನಲ್ಲಿ ಬೆಳೆದ ತಂದೆತಾಯಿಗಳು ಇಲ್ಲಿ ಹುಟ್ಟಿದ ಮಕ್ಕಳಿಗೆ ಅಂಗದಾನ ಮಾಡುವಾಗ ಇಂಥ ಜೋಡಿ ಒದಗುವುದು ಸಹಜ. ದಾನಕ್ಕೆ ಇದು ಅಡ್ಡಿಯಲ್ಲ: ವಾಲ್‌ಗ್ಯಾನ್‌ಸಿಕ್ಲೊವಿರ್‌ನಂತಹ ಔಷಧವನ್ನು ಮೊದಲ ಕೆಲವು ತಿಂಗಳು ನೀಡಿ, ರಕ್ತದಲ್ಲಿ ವೈರಾಣುವಿನ ಪ್ರಮಾಣವನ್ನು ಗಮನಿಸುತ್ತಾರೆ. ಕಸಿಗೆ ಮುನ್ನ ಇಬ್ಬರ ಪ್ರತಿಕಾಯ ಪರೀಕ್ಷೆಯ ಫಲಿತಾಂಶವನ್ನೂ ವೈದ್ಯರಿಂದ ಕೇಳಿ ತಿಳಿದುಕೊಳ್ಳಬೇಕು. ಔಷಧ ನಿಲ್ಲಿಸಿದ ನಂತರದ ತಿಂಗಳುಗಳಲ್ಲಿ ಜ್ವರ, ಅತಿಸಾರ ಅಥವಾ ವಿಪರೀತ ಆಯಾಸ ಕಂಡರೆ ತಡಮಾಡದೆ ತಿಳಿಸಬೇಕು.